ಸೂಜಿ ದಾರದ ದಾನ

ಕೌದಿ ಹೊಲಿಯುವ ಕೈ



ಕೌದಿ ನಿಮಗೆಲ್ಲ ಗೊತ್ತು. ಸೀರೆ ಹಳೆಯದಾದರೆ ನಾವು ಬಿಸಾಡುವುದಿಲ್ಲ. ಒಗೆದು, ಮಡಚಿ ಇಡುತ್ತೇವೆ. ಹಳೆಯ ಪಂಚೆ, ಮಗಳ ಲಂಗ, ರವಿಕೆಯ ತುಂಡು ಎಲ್ಲ ಸೇರಿಸುತ್ತೇವೆ. ಪದರದ ಮೇಲೆ ಪದರ ಹಾಸುತ್ತೇವೆ. ಮೇಲುಗಡೆ ಬಣ್ಣದ ತುಂಡು ಜೋಡಿಸುತ್ತೇವೆ. ಆಮೇಲೆ ಸೂಜಿ ದಾರ ಹಿಡಿದು ಅಂಚಿನಿಂದ ಹೊಲಿಯುತ್ತಾ ಬರುತ್ತೇವೆ. ಒಂದು ಕೌದಿ ಮುಗಿಯಲು ಎಷ್ಟೋ ದಿನ ಬೇಕು. ನಾಲ್ಕು ಜನ ಜಗಲಿ ಮೇಲೆ ಕೂತು ಹೊಲಿದರೆ ಬೇಗ ಆಗುತ್ತದೆ. ಜೊತೆಗೆ ಮಾತೂ ಆಗುತ್ತದೆ.

"ಅಯ್ಯೋ, ಇದೇನು ದೊಡ್ಡ ಕೆಲಸ? ಹಳೇ ಬಟ್ಟೆ ಹೊಲಿಯೋದು ತಾನೆ?" ಅಂತ ನಾವೇ ಹೇಳ್ತೇವೆ.

ಅಲ್ಲ ಅಕ್ಕ. ಅದು ಕಲೆ. ಅದನ್ನು ಹೊಲಿಯುವವಳು ಕಲಾವಿದೆ.

ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯನ್ನೇ ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಸಿದ್ದಿ ಜನ ಇದ್ದಾರೆ. ಅವರ ಹಿರಿಯರು ಬಹಳ ಹಿಂದೆ ಆಫ್ರಿಕಾದಿಂದ ಬಂದವರು. ಸಿದ್ದಿ ಹೆಂಗಸರೂ ಹಳೆಯ ಬಟ್ಟೆಯಿಂದ ಕೌದಿ ಹೊಲಿಯುತ್ತಾರೆ. ಅದರ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಹೂವು ಇಡುತ್ತಾರೆ. ಹೂವಿಲ್ಲದ ಕೌದಿ ಅವರಿಗೆ ಪೂರ್ತಿ ಆದ ಹಾಗಲ್ಲ. ಈ ಕೌದಿಗಳು ಅಮೆರಿಕದವರೆಗೆ ಹೋದವು. ಅಲ್ಲಿ ಕಲಾ ಪ್ರದರ್ಶನದಲ್ಲಿ ಗೋಡೆಗೆ ತೂಗುಹಾಕಿದರು. ಜನ ನಿಂತು ನೋಡಿದರು.

ಲಂಬಾಣಿ ಹೆಂಗಸರ ಕಸೂತಿಯೂ ಹಾಗೆಯೇ. ಕನ್ನಡಿ, ಕವಡೆ, ಬಣ್ಣದ ದಾರದ ಆ ಕೆಲಸವನ್ನು ನಮ್ಮ ಶಿಕಾರಿಪುರದ ತಾಂಡಾಗಳಲ್ಲೂ ನೋಡಿದ್ದೀರಿ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಸರ್ಕಾರದ ವಿಶೇಷ ಗುರುತು ಸಿಕ್ಕಿತು. ಅದು ಆ ಊರಿನದೇ ಕಲೆ ಎಂಬ ಗುರುತು. ಬೇರೆಯವರು ಆ ಹೆಸರಿನಲ್ಲಿ ಮಾರುವ ಹಾಗಿಲ್ಲ.

ಅಂದರೆ ಸೂಜಿ ಕೆಲಸಕ್ಕೆ ಬೆಲೆ ಇದೆ. ಬೆಲೆ ಇರುವುದನ್ನು ಮಾರಬಹುದು. ಮಾರುವುದನ್ನು ದಾನವೂ ಮಾಡಬಹುದು. ಅಂಥ ಒಂದು ದಾನದ ವಿಷಯ ಈಗ ತಿಳಿಯೋಣ.

ಬಟ್ಟೆಯ ಅಂಚೆ ಕಾರ್ಡು

ಅಮೆರಿಕ ದೇಶದಲ್ಲಿ ವರ್ಜೀನಿಯಾ ಸ್ಪೀಗೆಲ್ ಎಂಬ ಕಲಾವಿದೆ ಇದ್ದಾರೆ. ಅವರ ಕೆಲಸವೂ ಬಟ್ಟೆ, ದಾರ, ಬಣ್ಣದ್ದೇ. 2005ರಲ್ಲಿ ಅವರು ಒಂದು ಕೆಲಸ ಶುರುಮಾಡಿದರು. ತಮ್ಮಂಥ ಕಲಾವಿದೆಯರಿಗೆಲ್ಲ ಹೇಳಿಕಳಿಸಿದರು:

ನೀವು ಹಣ ಕೊಡಬೇಡಿ. ನಿಮ್ಮ ಕೈಕೆಲಸ ಕೊಡಿ. ಅಂಚೆ ಕಾರ್ಡಿನಷ್ಟು ದೊಡ್ಡದು ಸಾಕು.

ಅಂಚೆ ಕಾರ್ಡು ಎಂದರೆ ಎಷ್ಟು? ನಾಲ್ಕು ಅಂಗುಲ ಅಗಲ, ಆರು ಅಂಗುಲ ಉದ್ದ. ಅಂಗೈ ಮೇಲೆ ಇಟ್ಟುಕೊಳ್ಳಬಹುದು. ಅಷ್ಟೇ ಜಾಗದಲ್ಲಿ ಅವರು ಬಟ್ಟೆ ತುಂಡು ಜೋಡಿಸಿದರು. ಹೂವು, ಮರ, ಮನೆ, ಹಕ್ಕಿ ಹೊಲಿದರು. ಬೇರೆ ಬೇರೆ ಕಡೆಯಿಂದ ಇಂಥ ಕಾರ್ಡುಗಳು ಬಂದವು. ಅದನ್ನು ಇಷ್ಟಪಟ್ಟವರು ಹಣ ಕೊಟ್ಟು ತೆಗೆದುಕೊಂಡರು. ಆ ಹಣ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಎಂಬ ಸಂಸ್ಥೆಗೆ ಹೋಯಿತು. ಈ ಸಂಸ್ಥೆ ಎರಡು ಕೆಲಸ ಮಾಡುತ್ತದೆ. ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವವರಿಗೆ ಹಣ ಕೊಡುತ್ತದೆ. ರೋಗಿಗಳಿಗೂ ನೆರವಾಗುತ್ತದೆ.

ಮುಂದೆ ಅವರು ಇನ್ನೊಂದು ಲೆಕ್ಕ ಹಾಕಿದರು. ನೂರು ಕಲಾವಿದರು. ನೂರು ದಾನಿಗಳು. ಒಬ್ಬ ದಾನಿ ನೂರು ಡಾಲರ್ ಕೊಡಬೇಕು. ಡಾಲರ್ ಅಂದರೆ ಅಲ್ಲಿನ ರೂಪಾಯಿ. ಕೊಟ್ಟವರಿಗೆ ಒಂದೊಂದು ಬಟ್ಟೆ ಚಿತ್ರ ಸಿಗುತ್ತದೆ.

ನೀವೇ ಲೆಕ್ಕ ಮಾಡಿ. ನೂರು ಜನ, ಒಬ್ಬೊಬ್ಬರಿಂದ ನೂರು ಡಾಲರ್. ಎಷ್ಟಾಯಿತು? 10,000 ಡಾಲರ್. ನಮ್ಮ ರೂಪಾಯಿಯಲ್ಲಿ ಲಕ್ಷಗಟ್ಟಲೆ.

ಹೀಗೆ ವರ್ಷಗಟ್ಟಲೆ ಮಾಡಿ ಅವರೆಲ್ಲ ಸೇರಿ 2 ಲಕ್ಷ ಡಾಲರ್‌ಗೂ ಹೆಚ್ಚು ಹಣ ಕೂಡಿಸಿದರು. ಆಗಿನ ಲೆಕ್ಕದಲ್ಲಿ ಅದು ಸುಮಾರು ಒಂದು ಕೋಟಿ ರೂಪಾಯಿ.

ಒಂದು ಬಟ್ಟೆ ತುಂಡಿನಿಂದ ಕೋಟಿ ಆಗಲಿಲ್ಲ. ನೂರಾರು ತುಂಡು ಸೇರಿ ಕೋಟಿ ಆಯಿತು. ನಮ್ಮ ಕೌದಿಯೂ ಹಾಗೆಯೇ ಅಲ್ಲವೇ? ಒಂದು ತುಂಡು ಚಳಿ ತಡೆಯುವುದಿಲ್ಲ. ಎಲ್ಲ ಸೇರಿದರೆ ತಡೆಯುತ್ತದೆ.

ಕ್ಯಾನ್ಸರ್ ಅಂದರೆ ಏನು?

"ಕ್ಯಾನ್ಸರ್ ಅಂದ್ರೆ ಸಾವೇ. ಅದರ ಹೆಸರು ಹೇಳಬ್ಯಾಡಿ" ಅಂತಾರೆ ಕೆಲವರು. ಹೆಸರು ಹೇಳದಿದ್ದರೆ ರೋಗ ಹೋಗುವುದಿಲ್ಲ. ತಿಳಿದುಕೊಂಡರೆ ತಡೆಯಲು ದಾರಿ ಸಿಗುತ್ತದೆ.

ನಮ್ಮ ಮೈ ಬಹಳ ಸಣ್ಣ ಸಣ್ಣ ಕಣಗಳಿಂದ ಆಗಿದೆ. ಅದಕ್ಕೆ ಜೀವಕೋಶ ಎನ್ನುತ್ತಾರೆ. ಅವು ಕಣ್ಣಿಗೆ ಕಾಣುವುದಿಲ್ಲ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಎಲ್ಲ ಒಂದು ಲೆಕ್ಕದಲ್ಲಿ ನಡೆಯುತ್ತದೆ. ಕೆಲವು ಸಲ ಆ ಲೆಕ್ಕ ತಪ್ಪುತ್ತದೆ. ಒಂದು ಕಡೆ ಕಣಗಳು ಹತೋಟಿ ಮೀರಿ ಬೆಳೆಯುತ್ತವೆ. ಗಂಟು ಆಗಬಹುದು, ಹುಣ್ಣು ಆಗಬಹುದು. ಅಲ್ಲಿಂದ ಮೈಯ ಬೇರೆ ಕಡೆಗೂ ಹರಡಬಹುದು. ಇದೇ ಕ್ಯಾನ್ಸರ್.

ಇದು ಶಾಪ ಅಲ್ಲ. ಯಾರೋ ಮಾಟ ಮಾಡಿದ್ದೂ ಅಲ್ಲ. ರೋಗಿಯನ್ನು ಮುಟ್ಟಿದರೆ, ಅವರ ಜೊತೆ ಊಟ ಮಾಡಿದರೆ ಬರುವುದಿಲ್ಲ. ಆದ್ದರಿಂದ ರೋಗ ಬಂದವರನ್ನು ದೂರ ಇಡಬಾರದು.

ನಮ್ಮ ದೇಶದ ಹೆಂಗಸರಿಗೆ ಹೆಚ್ಚಾಗಿ ಬರುವ ಕ್ಯಾನ್ಸರ್‌ಗಳಲ್ಲಿ ಮೂರನ್ನು ಇಲ್ಲಿ ತಿಳಿಯೋಣ. ಒಂದು, ಎದೆಯ ಅಂದರೆ ಸ್ತನದ ಕ್ಯಾನ್ಸರ್. ಎರಡು, ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮೂರು, ನಮ್ಮ ಬಾಯಿಯ ಕ್ಯಾನ್ಸರ್.

2022ನೇ ವರ್ಷದ ಅಂದಾಜು ಹೀಗಿದೆ. ಆ ಒಂದು ವರ್ಷದಲ್ಲಿ ಭಾರತದ ಸುಮಾರು 1 ಲಕ್ಷ 27 ಸಾವಿರ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಬಂತು. ಸುಮಾರು 80 ಸಾವಿರ ಹೆಂಗಸರು ಅದರಿಂದ ತೀರಿಕೊಂಡರು. ಇದು ಬೇಗ ಗೊತ್ತಾದರೆ ತಡೆಯಬಹುದಾದ ರೋಗ. ಆದರೂ ಇಷ್ಟು ಜನ ಹೋದರು. ನಾಚಿಕೆ, ಹೆದರಿಕೆ, ಬಡತನ, ತಿಳಿಯದೇ ಇರುವುದು, ಎಲ್ಲ ಇದಕ್ಕೆ ಕಾರಣ.

ಸಂಶೋಧನೆ ಅಂದರೆ ಏನು?

ದಾನದ ಹಣ ಸಂಶೋಧನೆಗೆ ಹೋಯಿತು ಎಂದೆವು. ಸಂಶೋಧನೆ ಅಂದರೆ ಏನು?

ಹೊಸ ಬಿತ್ತನೆ ಬೀಜ ಬಂದರೆ ರೈತ ಏನು ಮಾಡುತ್ತಾನೆ? ಎಲ್ಲ ಗದ್ದೆಗೂ ಒಮ್ಮೆಲೇ ಹಾಕುವುದಿಲ್ಲ. ಒಂದು ಮಡಿಗೆ ಹೊಸದು, ಇನ್ನೊಂದು ಮಡಿಗೆ ಹಳೆಯದು ಹಾಕುತ್ತಾನೆ. ಎರಡನ್ನೂ ನೋಡುತ್ತಾನೆ. ಯಾವುದು ಚೆನ್ನಾಗಿ ಬಂತು ಅಂತ ಅಳೆಯುತ್ತಾನೆ. ಸಂಶೋಧನೆಯೂ ಹೀಗೇ. ಒಂದು ಪ್ರಶ್ನೆ ಕೇಳುವುದು. ನೋಡುವುದು. ನೋಡಿದ್ದನ್ನು ಬರೆದಿಡುವುದು. ಲೆಕ್ಕ ಹಾಕುವುದು. ಆಮೇಲೆ ಉತ್ತರ ಹೇಳುವುದು.

ಬರೆದಿಡುವುದೇ ಒಂದು ದೊಡ್ಡ ಕೆಲಸ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಅದು 1973ರಲ್ಲಿ ಶುರುವಾಯಿತು. ನಮ್ಮ ಜಿಲ್ಲೆಯಿಂದಲೂ ಜನ ಅಲ್ಲಿಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕ್ಯಾನ್ಸರ್ ಬಂತು ಎಂದು 1982ರಿಂದ ಅಲ್ಲಿ ದಾಖಲೆ ಇಡುತ್ತಾ ಬಂದಿದ್ದಾರೆ. ವರ್ಷ ವರ್ಷದ ಲೆಕ್ಕ ಪಕ್ಕಪಕ್ಕ ಇಟ್ಟರೆ ಯಾವ ರೋಗ ಹೆಚ್ಚುತ್ತಿದೆ, ಯಾವುದು ಇಳಿಯುತ್ತಿದೆ ಅಂತ ತಿಳಿಯುತ್ತದೆ.

ಹಣ ಇದಕ್ಕೆಲ್ಲ ಬೇಕು. ದಾಖಲೆ ಬರೆಯುವವರಿಗೆ ಸಂಬಳ. ರಕ್ತ ಪರೀಕ್ಷೆಗೆ ಯಂತ್ರ. ಹಳ್ಳಿಗೆ ಹೋಗಿ ಬರಲು ಗಾಡಿ. ಔಷಧಿ ಪರೀಕ್ಷೆ. ಉತ್ತರ ಸಿಗಲು ಹತ್ತು ವರ್ಷ, ಇಪ್ಪತ್ತು ವರ್ಷ ಆಗಬಹುದು. ಅಷ್ಟೂ ವರ್ಷ ಹಣ ಬೇಕು. ಸರ್ಕಾರಗಳಿಂದ ಹಣ ಬರುತ್ತದೆ. ಆದರೆ ಅದು ಎಲ್ಲದಕ್ಕೂ ಸಾಲುವುದಿಲ್ಲ. ಜನರ ದಾನವೂ ಅದಕ್ಕೆ ಸೇರುತ್ತದೆ.

"ಸಂಶೋಧನೆಯಿಂದ ನಮ್ಮಂಥವರಿಗೆ ಏನು ಸಿಕ್ತು?" ಇದು ನೀವು ಕೇಳಬೇಕಾದ ಪ್ರಶ್ನೆ. ಒಂದು ಉದಾಹರಣೆ ನೋಡೋಣ.

ಮುಂಬೈಯ ಹೆಂಗಸರು ಮತ್ತು ವಿನೆಗರ್

ವಿನೆಗರ್ ಅಂದರೆ ಒಂದು ಹುಳಿ ನೀರು. ಶಿರಾಳಕೊಪ್ಪದ ಅಂಗಡಿಯಲ್ಲೂ ಸಿಗುತ್ತದೆ. ಗೋಬಿ ಮಂಚೂರಿ ಮಾಡುವವರು ಬಳಸುತ್ತಾರೆ. ಅದರಲ್ಲಿರುವ ಹುಳಿಯಿಂದಲೇ ಗರ್ಭಕೋಶದ ಬಾಯಿಯ ರೋಗದ ಗುರುತು ಹಿಡಿಯಬಹುದು.

ಹೇಗೆ? ನರ್ಸ್ ಆ ಹುಳಿ ದ್ರಾವಣವನ್ನು ಹತ್ತಿಯಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಸವರುತ್ತಾರೆ. ಸುಮಾರು ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಕಣಗಳಿದ್ದರೆ ಆ ಜಾಗ ಬೆಳ್ಳಗಾಗುತ್ತದೆ. ಬೆಳ್ಳಗಾದರೆ ಕ್ಯಾನ್ಸರ್ ಬಂದೇ ಬಿಟ್ಟಿದೆ ಅಂತ ಅಲ್ಲ. ಇನ್ನೊಂದು ಪರೀಕ್ಷೆ ಬೇಕು ಅಂತ. ರೋಗ ಆಗುವ ಮುಂಚೆಯೇ ಗೊತ್ತಾದರೆ ಅದನ್ನು ಅಲ್ಲೇ ತೆಗೆದುಹಾಕಬಹುದು. ಇದನ್ನು ಮನೆಯಲ್ಲಿ ಮಾಡಬಾರದು. ತರಬೇತಿ ಪಡೆದವರೇ ಮಾಡಬೇಕು.

ಇದು ನಿಜವಾಗಿ ಜೀವ ಉಳಿಸುತ್ತದೆಯೇ? ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು ಈ ಪ್ರಶ್ನೆ ಕೇಳಿದರು. 1998ರಲ್ಲಿ ಕೆಲಸ ಶುರುಮಾಡಿದರು. ಮುಂಬೈಯ ಕೊಳೆಗೇರಿಗಳಿಗೆ ಹೋದರು. 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರು ಇದರಲ್ಲಿ ಸೇರಿದರು. ಕೂಲಿ ಮಾಡುವವರು, ಮನೆಗೆಲಸದವರು, ಬೇರೆ ಊರಿಂದ ಬಂದು ನೆಲೆಸಿದವರು.

ಪರೀಕ್ಷೆ ಮಾಡಿದವರು ದೊಡ್ಡ ಡಾಕ್ಟರಲ್ಲ. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳು. ಅವರಿಗೆ ನಾಲ್ಕು ವಾರ ತರಬೇತಿ ಕೊಟ್ಟಿದ್ದರು. ಅರ್ಧ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ನಡೆಯಿತು. ಇನ್ನರ್ಧ ಹೆಂಗಸರಿಗೆ ರೋಗದ ಬಗ್ಗೆ ತಿಳಿವಳಿಕೆ ಮಾತ್ರ ಕೊಟ್ಟರು. ವರ್ಷಗಟ್ಟಲೆ ಲೆಕ್ಕ ಬರೆದರು.

2013ರಲ್ಲಿ ಉತ್ತರ ಹೇಳಿದರು. ಪರೀಕ್ಷೆ ಇಲ್ಲದ ಕಡೆ 100 ಜನ ಈ ರೋಗದಿಂದ ಸತ್ತರೆ, ಪರೀಕ್ಷೆ ನಡೆದ ಕಡೆ 69 ಜನ. ಅಂದರೆ 100ರಲ್ಲಿ 31 ಜೀವ ಉಳಿದವು. ಹುಳಿ ನೀರು, ಹತ್ತಿ, ಒಂದು ದೀಪ, ತರಬೇತಿ ಪಡೆದ ಒಬ್ಬ ಹೆಣ್ಣುಮಗಳು. ಇಷ್ಟರಿಂದಲೇ.

ಈ ಕೆಲಸದ ಬಗ್ಗೆ ಒಂದು ಪ್ರಶ್ನೆಯೂ ಬಂತು. ಇನ್ನರ್ಧ ಹೆಂಗಸರಿಗೂ ಪರೀಕ್ಷೆ ಮಾಡಬೇಕಿತ್ತಲ್ಲವೇ ಎಂದು ಕೆಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ಅದಕ್ಕೇ ಸಂಶೋಧನೆಗೆ ಸೇರುವವರಿಗೆ ಒಂದು ಹಕ್ಕು ಇದೆ. ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ ಎಂದು ಅವರಿಗೆ ಮೊದಲೇ ಹೇಳಬೇಕು. ಒಪ್ಪಿಗೆ ಪತ್ರ ತೋರಿಸಬೇಕು. ಓದಿ, ತಿಳಿದುಕೊಂಡು, ಇಷ್ಟ ಇದ್ದರೆ ಸಹಿ ಹಾಕಬೇಕು. ಇಷ್ಟ ಇಲ್ಲದಿದ್ದರೆ ಬೇಡ ಅನ್ನಬಹುದು.

ನೋಡಿ, ಅಕ್ಷರ ಕಲಿತದ್ದು ಇಲ್ಲೂ ಕೆಲಸಕ್ಕೆ ಬಂತು. ಓದಲು ಬಾರದವಳು ಹೆಬ್ಬೆಟ್ಟು ಒತ್ತುತ್ತಾಳೆ. ಓದು ಬಂದವಳು "ಸ್ವಲ್ಪ ನಿಲ್ಲಿ, ಓದ್ತೀನಿ" ಅನ್ನುತ್ತಾಳೆ.

ಇನ್ನೊಂದು ಉತ್ತರ: ಲಸಿಕೆ

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಯಾವುದರಿಂದ ಬರುತ್ತದೆ? ಇದೂ ಬಹಳ ವರ್ಷ ಗೊತ್ತಿರಲಿಲ್ಲ. ಜರ್ಮನಿ ದೇಶದ ಹರಾಲ್ಡ್ ಸುರ್ ಹೌಸೆನ್ ಎಂಬ ವಿಜ್ಞಾನಿ ಇದನ್ನು ಹುಡುಕಿದರು. 1983 ಮತ್ತು 1984ರಲ್ಲಿ ಅವರು, ಅವರ ಜೊತೆಯವರು ಉತ್ತರ ಕಂಡುಹಿಡಿದರು. ಎಚ್‌ಪಿವಿ ಎಂಬ ವೈರಸ್ಸೇ ಇದಕ್ಕೆ ಮುಖ್ಯ ಕಾರಣ. ವೈರಸ್ ಅಂದರೆ ಕಣ್ಣಿಗೆ ಕಾಣದ ರೋಗಾಣು. ಈ ಕೆಲಸಕ್ಕೆ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಕಾರಣ ತಿಳಿದ ಮೇಲೆ ಲಸಿಕೆ ಮಾಡಲು ಸಾಧ್ಯವಾಯಿತು. ಪೋಲಿಯೋಗೆ ಲಸಿಕೆ ಇರುವ ಹಾಗೆ ಇದಕ್ಕೂ ಲಸಿಕೆ ಇದೆ. 2006ರಿಂದ ಬೇರೆ ದೇಶಗಳಲ್ಲಿ ಕೊಡಲು ಶುರುಮಾಡಿದರು. 2022ರಲ್ಲಿ ನಮ್ಮ ದೇಶದಲ್ಲೇ ತಯಾರಾದ ಲಸಿಕೆಗೆ ಒಪ್ಪಿಗೆ ಸಿಕ್ಕಿತು. 9ರಿಂದ 14 ವರ್ಷದ ಹುಡುಗಿಯರಿಗೆ ಕೊಟ್ಟರೆ ಹೆಚ್ಚು ಉಪಯೋಗ. ನಿಮ್ಮ ಮಗಳಿಗೆ, ಮೊಮ್ಮಗಳಿಗೆ ಆ ವಯಸ್ಸಾಗಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ.

ಪ್ರಶ್ನೆ ಕೇಳಿದ್ದು ಒಂದು ಕಾಲದಲ್ಲಿ. ಉತ್ತರ ಸಿಕ್ಕಿದ್ದು ಇನ್ನೊಂದು ಕಾಲದಲ್ಲಿ. ಉಪಯೋಗ ಆಗುವುದು ಮೊಮ್ಮಕ್ಕಳ ಕಾಲದಲ್ಲಿ. ಅಡಿಕೆ ಸಸಿ ಇಟ್ಟವರು ಮರುದಿನವೇ ಕೊನೆ ಕೊಯ್ಯುತ್ತಾರೆಯೇ? ಸಂಶೋಧನೆಗೆ ಕೊಡುವ ದಾನವೂ ಹಾಗೆಯೇ.

ಅಡಿಕೆಯ ಮಾತು ಬಂತು. ಅದರ ಬಗ್ಗೆಯೂ ಸಂಶೋಧನೆ ಒಂದು ಮಾತು ಹೇಳಿದೆ. ಎಲೆ ಅಡಿಕೆ, ಹೊಗೆಸೊಪ್ಪು, ಗುಟ್ಕಾ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರಬಹುದು. ಹೊಗೆಸೊಪ್ಪು ಸೇರದ ಅಡಿಕೆಯಿಂದಲೂ ಅಪಾಯ ಇದೆ. ನಮ್ಮ ಸೀಮೆಯಲ್ಲಿ ತುಂಬಾ ಜನರ ಬದುಕು ಅಡಿಕೆ ತೋಟದಿಂದ ನಡೆಯುತ್ತದೆ. ಅದಕ್ಕೇ ಈ ಮಾತು ಕೇಳಲು ಕಷ್ಟ. ಆದರೂ ತಿಳಿದಿರಬೇಕು.

ದಾರದಿಂದ ನೇರವಾಗಿ ನೆರವು

ಸಂಶೋಧನೆಯ ಉತ್ತರ ನಿಧಾನವಾಗಿ ಬರುತ್ತದೆ. ಇವತ್ತು ನೋವು ಪಡುವವರಿಗೆ ಇವತ್ತೇ ನೆರವು ಬೇಕು. ಅದನ್ನೂ ಸೂಜಿ ದಾರದ ಕೈಗಳು ಮಾಡಿವೆ.

ಎದೆಯ ಕ್ಯಾನ್ಸರ್ ಬಂದ ಕೆಲವರಿಗೆ ಒಂದು ಸ್ತನವನ್ನೇ ತೆಗೆಯಬೇಕಾಗುತ್ತದೆ. ಜೀವ ಉಳಿಯುತ್ತದೆ. ಆದರೆ ರವಿಕೆ ಹಾಕಿಕೊಂಡಾಗ ಒಂದು ಕಡೆ ಖಾಲಿ. ಹೊರಗೆ ಹೋಗಲು ಸಂಕೋಚ. ಮದುವೆ ಮನೆಗೆ ಹೋಗಲು ಮನಸ್ಸಾಗದು. ಅಂಗಡಿಯಲ್ಲಿ ಸಿಗುವ ಕೃತಕ ಸ್ತನಕ್ಕೆ ಬೆಲೆ ಜಾಸ್ತಿ. ತೂಕವೂ ಜಾಸ್ತಿ. ಸೆಕೆಗೆ ಬೆವರು.

ಅಮೆರಿಕದ ಬಾರ್ಬರಾ ಡೆಮೊರೆಸ್ಟ್ ಎಂಬ ಮಹಿಳೆ ಇದನ್ನು ಸ್ವತಃ ಅನುಭವಿಸಿದವರು. ಮೆತ್ತನೆಯ ದಾರದಿಂದ ಹೆಣೆದ, ಒಳಗೆ ಹಗುರವಾದ ನಾರು ತುಂಬಿದ ಸ್ತನ ಅವರಿಗೆ ಹಿಡಿಸಿತು. 2011ರಲ್ಲಿ ಅವರು ಹೆಣಿಗೆ ಬಲ್ಲ ಹೆಂಗಸರನ್ನು ಸೇರಿಸಿದರು. ಅವರು ಹೆಣೆದು ಹೆಣೆದು ಪುಕ್ಕಟೆ ಕೊಟ್ಟರು. ಮುಂಬೈಯಲ್ಲೂ ಹೆಂಗಸರ ಗುಂಪೊಂದು ಇದೇ ಕೆಲಸ ಕೈಗೆತ್ತಿಕೊಂಡಿತು. ಹತ್ತಿ ದಾರದಿಂದ ಕ್ರೋಶಾ ಕಡ್ಡಿಯಲ್ಲಿ ಹೆಣೆದು ರೋಗಿಗಳಿಗೆ ಹಣ ತೆಗೆದುಕೊಳ್ಳದೆ ಕೊಟ್ಟಿದೆ.

ಒಂದು ದಾನ ಮುಂದಿನವರಿಗೆ. ಇನ್ನೊಂದು ದಾನ ಇಂದಿನವರಿಗೆ. ಎರಡೂ ಬೇಕು.

ರಿಬ್ಬನ್ನಿನ ಕಥೆ

ದಾನ ಕೊಟ್ಟರೆ ಸಾಲದು, ಅದು ಎಲ್ಲಿಗೆ ಹೋಗುತ್ತದೆ ಅಂತ ನೋಡಬೇಕು. ಇದನ್ನು ಕಲಿಸಿದವಳು ಒಬ್ಬ ಅಜ್ಜಿ.

ಅಮೆರಿಕದ ಷಾರ್ಲೆಟ್ ಹೇಲಿ ಎಂಬುವರ ಮನೆಯಲ್ಲಿ ಅಜ್ಜಿ, ಅಕ್ಕತಂಗಿ, ಮಗಳು, ಎಲ್ಲರಿಗೂ ಎದೆಯ ಕ್ಯಾನ್ಸರ್ ಬಂದಿತ್ತು. 1990ರ ದಶಕದ ಶುರುವಿನಲ್ಲಿ ಅವರು ಮನೆಯಲ್ಲೇ ಕೂತು ರಿಬ್ಬನ್ ಕತ್ತರಿಸಿದರು. ಪೀಚ್ ಹಣ್ಣಿನ ಬಣ್ಣದ ರಿಬ್ಬನ್. ಅದನ್ನು ಒಂದು ಕಾರ್ಡಿಗೆ ಅಂಟಿಸಿದರು. ಸರ್ಕಾರ ಕ್ಯಾನ್ಸರ್ ಕೆಲಸಕ್ಕೆ ಇಡುವ ಹಣದಲ್ಲಿ ರೋಗ ತಡೆಯುವುದಕ್ಕೆ ಬರೀ ನೂರಕ್ಕೆ ಐದು ಭಾಗ ಹೋಗುತ್ತಿದೆ ಎಂದು ಅದರಲ್ಲಿ ಬರೆದರು. ಸಾವಿರಾರು ಕಾರ್ಡುಗಳನ್ನು ಜನರಿಗೆ ಹಂಚಿದರು.

1992ರಲ್ಲಿ ಒಂದು ಪತ್ರಿಕೆಯವರೂ ಒಂದು ಸೌಂದರ್ಯ ಸಾಮಾನಿನ ಕಂಪನಿಯವರೂ ಆ ರಿಬ್ಬನ್ ಕೇಳಿದರು. "ನಿಮ್ಮದು ವ್ಯಾಪಾರ. ಕೊಡುವುದಿಲ್ಲ" ಎಂಬಂತೆ ಅವರು ಒಪ್ಪಲಿಲ್ಲ. ಆಗ ಅವರು ಬಣ್ಣ ಬದಲಿಸಿ ಗುಲಾಬಿ ಬಣ್ಣದ ರಿಬ್ಬನ್ ತಂದರು. ಇವತ್ತು ಎದೆಯ ಕ್ಯಾನ್ಸರ್‌ಗೆ ಗುಲಾಬಿ ರಿಬ್ಬನ್ ಎಲ್ಲ ಕಡೆ ಗುರುತು. ಆಸ್ಪತ್ರೆ ಗೋಡೆಯಲ್ಲಿ ನೀವೂ ನೋಡಿರಬಹುದು. ಗುಲಾಬಿ ರಿಬ್ಬನ್‌ನಿಂದ ತಿಳಿವಳಿಕೆ ಹರಡಿತು. ಹಣವೂ ಕೂಡಿತು. ಆದರೆ ಆ ಗುರುತು ಹಚ್ಚಿ ಸಾಮಾನು ಮಾರುವವರೂ ಹುಟ್ಟಿಕೊಂಡರು. ಅಂಥ ಸಾಮಾನಿನ ಬೆಲೆಯಲ್ಲಿ ಎಷ್ಟು ಪಾಲು ರೋಗದ ಕೆಲಸಕ್ಕೆ ಹೋಗುತ್ತದೆ? ಕೇಳದಿದ್ದರೆ ಯಾರೂ ಹೇಳುವುದಿಲ್ಲ.

ತಾಳಗುಂದದ ಕಲ್ಲು ಏನು ಹೇಳುತ್ತದೆ?

ದಾನದ ಲೆಕ್ಕ ಹೇಗಿರಬೇಕು? ದೂರ ಹೋಗುವುದು ಬೇಡ. ತಾಳಗುಂದದ ಪ್ರಣವೇಶ್ವರ ದೇವಸ್ಥಾನದ ಮುಂದೆ ಒಂದು ಕಲ್ಲಿನ ಕಂಬ ಇದೆ. ಅದರ ಮೇಲೆ ಅಕ್ಷರ ಕೆತ್ತಿದ್ದಾರೆ. ಅದು ಕದಂಬ ರಾಜ ಶಾಂತಿವರ್ಮನ ಕಾಲದ್ದು. ಸುಮಾರು ಒಂದೂವರೆ ಸಾವಿರ ವರ್ಷ ಹಳೆಯದು. ಭಾಷೆ ಸಂಸ್ಕೃತ. ಬರೆದವನು ಕುಬ್ಜ ಎಂಬ ಕವಿ. ದೇವಸ್ಥಾನಕ್ಕಾಗಿ ಕೆರೆ ಕಟ್ಟಿಸಿದ್ದು ಕಾಕುತ್ಸ್ಥವರ್ಮ ಎಂಬ ರಾಜ ಎಂದು ಅದರಲ್ಲಿದೆ.

ನೋಡಿ, ಮೂರು ಮಾತು ಅಲ್ಲಿವೆ. ಕೊಟ್ಟವರು ಯಾರು? ಕೊಟ್ಟದ್ದು ಏನು? ಯಾತಕ್ಕೆ ಕೊಟ್ಟರು? ಅದಕ್ಕೇ ಇಷ್ಟು ವರ್ಷ ಆದ ಮೇಲೂ ನಮಗೆ ಗೊತ್ತು.

ನಮ್ಮ ದಾನಕ್ಕೂ ಈ ಮೂರು ಮಾತು ಬೇಕು. ಕಲ್ಲಿನ ಮೇಲೆ ಬೇಡ. ಕಾಗದದ ಮೇಲೆ ಸಾಕು. ಅದರ ಹೆಸರು ರಸೀದಿ.

ನಮ್ಮ ಸಂಘದಲ್ಲಿ ಮಾಡಬಹುದೇ?

ಒಂದು ಲೆಕ್ಕ ಮಾಡಿ ನೋಡೋಣ. ಇದು ಉದಾಹರಣೆ ಮಾತ್ರ.

ಒಂದು ಮಹಿಳಾ ಸಂಘದಲ್ಲಿ 20 ಜನ ಇದ್ದಾರೆ ಅನ್ನಿ. ಒಬ್ಬೊಬ್ಬರು ಹಳೆಯ ಬಟ್ಟೆಯಿಂದ ಒಂದು ಸಣ್ಣ ಕೌದಿ ಹೊಲಿಯುತ್ತಾರೆ. ಮಗುವಿಗೆ ಹಾಸುವಷ್ಟು. ಒಂದಕ್ಕೆ 300 ರೂಪಾಯಿ ಬಂದರೆ 20 ಕೌದಿಗೆ 6,000 ರೂಪಾಯಿ. ಸೂಜಿ, ದಾರ, ಹೋಗಿ ಬರುವ ಖರ್ಚು 1,000 ರೂಪಾಯಿ ಕಳೆಯಿರಿ. ಉಳಿಯುವುದು 5,000 ರೂಪಾಯಿ.

"ಇಷ್ಟರಿಂದ ಏನಾಗ್ತದೆ?" ಅನ್ನಬೇಡಿ. ಬಟ್ಟೆಯ ಅಂಚೆ ಕಾರ್ಡನ್ನು ನೆನಪು ಮಾಡಿಕೊಳ್ಳಿ.

ಆದರೆ ನಿಮ್ಮ ಹೊಟ್ಟೆಗೆ ಬೇಕಾದ ದುಡಿಮೆಯನ್ನು ದಾನ ಮಾಡಬೇಕಿಲ್ಲ. ಹೊಲಿದದ್ದನ್ನು ಮಾರಿ ಮನೆ ನಡೆಸುವುದು ತಪ್ಪಲ್ಲ. ಕೈಯಲ್ಲಿ ಆಗುವವರು ಆದಷ್ಟು ಕೊಡಲಿ. "ಪುಕ್ಕಟೆ ಹೊಲಿದು ಕೊಡಿ" ಎಂದು ಯಾರಾದರೂ ಒತ್ತಾಯ ಮಾಡಿದರೆ ಒಪ್ಪಬೇಡಿ. ದಾನ ಅಂದರೆ ಮನಸ್ಸಿನಿಂದ ಕೊಡುವುದು.

ಕೊಡುವ ಮುಂಚೆ ಇಷ್ಟು ಮಾಡಿ:

1. ಯಾವ ಸಂಸ್ಥೆಗೆ ಕೊಡಬೇಕು ಅಂತ ಸಂಘದ ಸಭೆಯಲ್ಲಿ ಮಾತಾಡಿ. ಬೆಂಗಳೂರಿನ ಕಿದ್ವಾಯಿ ಇದೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ.

2. ಹಣ ಯಾತಕ್ಕೆ ಬಳಸುತ್ತೀರಿ ಅಂತ ಕೇಳಿ. ಬಡ ರೋಗಿಗಳಿಗೋ? ಸಂಶೋಧನೆಗೋ? ಎರಡೂ ಒಳ್ಳೆಯದೇ. ಆದರೆ ಯಾವುದು ಅಂತ ನಿಮಗೆ ಗೊತ್ತಿರಬೇಕು.

3. ಎಷ್ಟು ಕೌದಿ, ಎಷ್ಟು ಹಣ, ಎಷ್ಟು ಖರ್ಚು ಅಂತ ಸಂಘದ ಪುಸ್ತಕದಲ್ಲಿ ಬರೆಯಿರಿ.

4. ಹಣ ಕೊಟ್ಟ ಮೇಲೆ ರಸೀದಿ ತೆಗೆದುಕೊಳ್ಳಿ. ಹೆಸರು, ತಾರೀಕು, ಮೊತ್ತ ಸರಿ ಇದೆಯೇ ಅಂತ ಅಲ್ಲೇ ಓದಿ ನೋಡಿ.

5. ಮುಂದಿನ ಸಭೆಯಲ್ಲಿ ರಸೀದಿಯನ್ನು ಎಲ್ಲರಿಗೂ ಓದಿ ಹೇಳಿ.

ಅಪರಿಚಿತರು ಮನೆ ಬಾಗಿಲಿಗೆ ಬಂದು ಕ್ಯಾನ್ಸರ್ ಹೆಸರಿನಲ್ಲಿ ಹಣ ಕೇಳಿದರೆ ತಕ್ಷಣ ಕೊಡಬೇಡಿ. ಮೊದಲು ಓದಿ. ಆಮೇಲೆ ವಿಚಾರಿಸಿ.

ಹಣ ಬೇಡದ ಒಂದು ಕೆಲಸ

ಎಲ್ಲೋ ಒಬ್ಬಳು ಬಟ್ಟೆ ತುಂಡು ಹೊಲಿದು ಕೊಟ್ಟಳು. ಎಲ್ಲೋ ಒಬ್ಬರು ವೈರಸ್ ಹುಡುಕಿದರು. ಮುಂಬೈಯ ಕೂಲಿ ಹೆಂಗಸರು ಪರೀಕ್ಷೆಗೆ ಮುಂದೆ ಬಂದರು. ಇವರೆಲ್ಲ ಸೇರಿ ತಿಳಿವಳಿಕೆ ಕೂಡಿಸಿದರು. ಆ ತಿಳಿವಳಿಕೆ ಈಗ ನಮ್ಮ ಊರಿನ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದಿದೆ. ನಾವು ಹೋಗದಿದ್ದರೆ ಅವರ ಕೆಲಸ ನಮ್ಮ ಪಾಲಿಗೆ ದಂಡ.

30 ವರ್ಷ ದಾಟಿದವರಿಗೆ ಈ ಮೂರೂ ಕ್ಯಾನ್ಸರ್‌ನ ತಪಾಸಣೆ ಮಾಡಬೇಕು ಎಂದು ಸರ್ಕಾರ 2016ರಲ್ಲಿ ನಿಯಮ ಮಾಡಿತು. ಐದು ವರ್ಷಕ್ಕೊಮ್ಮೆ ಮಾಡಿಸಬೇಕು. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. "ತಪಾಸಣೆ ಯಾವ ದಿನ? ಎಲ್ಲಿ?" ಎಂದು ವಿಚಾರಿಸಿ.

ಈ ಲಕ್ಷಣ ಕಂಡರೆ ತಪಾಸಣೆ ದಿನಕ್ಕೆ ಕಾಯಬೇಡಿ. ಕೂಡಲೇ ಡಾಕ್ಟರಿಗೆ ತೋರಿಸಿ:

ಎದೆಯಲ್ಲಿ ಅಥವಾ ಕಂಕುಳಲ್ಲಿ ಗಂಟು. ನೋವಿಲ್ಲದಿದ್ದರೂ ತೋರಿಸಿ.

ಮೊಲೆತೊಟ್ಟಿನಿಂದ ರಕ್ತ ಬರುವುದು, ತೊಟ್ಟು ಒಳಗೆ ಎಳೆದುಕೊಳ್ಳುವುದು.

ಮುಟ್ಟು ನಿಂತ ಮೇಲೆ ರಕ್ತ ಹೋಗುವುದು. ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಕೂಡಿದ ಮೇಲೆ ರಕ್ತ ಹೋಗುವುದು.

ಕೆಟ್ಟ ವಾಸನೆಯ ಬಿಳಿ ಸೆರಗು.

ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ. ಎರಡು ಮೂರು ವಾರ ಆದರೂ ವಾಸಿಯಾಗದ ಹುಣ್ಣು.

ಇವೆಲ್ಲ ಕ್ಯಾನ್ಸರ್ ಆಗಿಯೇ ಇರಬೇಕು ಎಂದೇನಿಲ್ಲ. ಹೆಚ್ಚಿನ ಸಲ ಬೇರೆ ಕಾರಣವೇ ಇರುತ್ತದೆ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು. ಪಕ್ಕದ ಮನೆಯವರಲ್ಲ.

"ಒಬ್ಬಳೇ ಹೋಗೋಕೆ ನಾಚಿಕೆ" ಅಂತೀರಾ? ಕೌದಿಗೆ ನಾಲ್ಕು ಜನ ಸೇರಿ ಕೂರುವುದಿಲ್ಲವೇ? ಹಾಗೆ ನಾಲ್ಕು ಜನ ಸೇರಿ ಹೋಗಿ. ಒಬ್ಬರು ಒಳಗೆ ಹೋದಾಗ ಮೂವರು ಹೊರಗೆ ಕಾಯಿರಿ. ಅತ್ತೆಯನ್ನೂ ಕರೆದುಕೊಂಡು ಹೋಗಿ. ಅವರಿಗೂ ಯಾರೂ ಇದನ್ನು ಹೇಳಿಲ್ಲ.

ಮಾತಾಡಿ, ಬರೆಯಿರಿ

1. ನಿಮ್ಮ ಮನೆಯ ಕೌದಿಯನ್ನು ಯಾರು ಹೊಲಿದರು? ಅದರಲ್ಲಿ ಯಾರ ಯಾರ ಬಟ್ಟೆ ಇದೆ? ನಾಲ್ಕು ಸಾಲು ಬರೆಯಿರಿ.

2. ನೂರು ಜನ ನೂರು ಡಾಲರ್ ಕೊಟ್ಟರೆ 10,000 ಡಾಲರ್ ಆಯಿತು. ನಿಮ್ಮ ಸಂಘದಲ್ಲಿ ಎಷ್ಟು ಜನ ಇದ್ದೀರಿ? ಒಬ್ಬೊಬ್ಬರು 50 ರೂಪಾಯಿ ಕೊಟ್ಟರೆ ಎಷ್ಟಾಗುತ್ತದೆ?

3. ಮುಂಬೈಯಲ್ಲಿ ಪರೀಕ್ಷೆ ಮಾಡಿದ ಹೆಣ್ಣುಮಕ್ಕಳು ಎಷ್ಟನೇ ತರಗತಿ ಓದಿದ್ದರು?

4. ರಸೀದಿಯಲ್ಲಿ ಏನೇನು ಇರಬೇಕು? ಒಂದು ರಸೀದಿ ಬರೆದು ತೋರಿಸಿ.

5. ಆರೋಗ್ಯ ಕೇಂದ್ರಕ್ಕೆ ನಿಮ್ಮ ಜೊತೆ ಯಾರು ಬರುತ್ತಾರೆ? ಮೂವರ ಹೆಸರು ಬರೆಯಿರಿ. ಹೋಗುವ ದಿನವನ್ನೂ ಬರೆಯಿರಿ.